‘ಕೂದಲೆಳೆ ಅಂತರ’ ಅಂದರೆ ಎಷ್ಟು ದೂರ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯ ನಿವೃತ್ತ ಶಿಕ್ಷಕಿ. ಕಳೆದ ತಿಂಗಳು ಕಾಶಿಯಾತ್ರೆ ಮುಗಿಸಿಕೊಂಡು ನಾನು, ನಮ್ಮ ಯಜಮಾನರು ವಾರಾಣಸಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಬಂದೆವು. ದಾರಿಯಲ್ಲಿ ಇನ್ನೊಂದು ವಿಮಾನ ನಮ್ಮ ಕೆಳಗೇ ಎದುರಿನಿಂದ ಸರ್ರನೆ ಹೋಗಿದ್ದನ್ನು ಕಿಟಕಿಯಲ್ಲಿ ನೋಡಿ ಎದೆ ಝಲ್ ಎಂದಿತು. ಆಮೇಲೆ ಬೆಂಗಳೂರಿನಲ್ಲಿ ಇನ್ನೇನು ಚಕ್ರ ನೆಲಕ್ಕೆ ತಾಗಬೇಕು, ಅಷ್ಟರಲ್ಲಿ ಎಂಜಿನ್ ಅಬ್ಬರಿಸಿ ವಿಮಾನ ಮತ್ತೆ ಮೇಲಕ್ಕೆ ಎದ್ದಿತು. ನಾಲ್ಕೈದು ನಿಮಿಷ ಯಾರೂ ಏನೂ ಹೇಳಲಿಲ್ಲ. ಕೊನೆಗೆ ಪೈಲಟ್ ‘ರನ್‌ವೇ ಮೇಲೆ ಇನ್ನೊಂದು ವಿಮಾನ ಇತ್ತು’ ಅಂದರು. ಮನೆಗೆ ಬಂದ ಮೇಲೆ ಮಗ ಮುಂಬೈಯ ವಿಡಿಯೋ ತೋರಿಸಿದ. ಒಂದೇ ರನ್‌ವೇ ಮೇಲೆ ಒಂದು ವಿಮಾನ ಏಳುತ್ತಿದೆ, ಹಿಂದೆಯೇ ಇನ್ನೊಂದು ಇಳಿಯುತ್ತಿದೆ. ಅಷ್ಟು ದೊಡ್ಡ ಆಕಾಶದಲ್ಲಿ ಎರಡು ವಿಮಾನ ಎದುರುಬದುರು ಆಗುವುದಾದರೂ ಹೇಗೆ? ಕೆಳಗೆ ಕೂತವರು ನಿದ್ದೆ ಮಾಡುತ್ತಾರಾ? ‘ಎಲ್ಲಾ ಕಂಪ್ಯೂಟರ್ ನೋಡಿಕೊಳ್ಳುತ್ತೆ ಅಮ್ಮಾ’ ಅಂತಾನೆ ಮಗ, ನಿಜವಾ? ನವೆಂಬರಿನಲ್ಲಿ ಮಗಳ ಬಾಣಂತನಕ್ಕೆ ಡಲ್ಲಾಸ್‌ಗೆ ಹೋಗಬೇಕು. ಯಜಮಾನರು ‘ನಾನಂತೂ ಇನ್ನು ವಿಮಾನ ಹತ್ತೋದಿಲ್ಲ’ ಎಂದು ಹಟ ಹಿಡಿದಿದ್ದಾರೆ.

ಉತ್ತರ: ಮೇಡಂ, ಮೊದಲು ಯಜಮಾನರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಮೊದಲ ಭಾಗ ಅವರಿಗೆ.

ನಿಮಗೆ ಆದದ್ದರ ಹೆಸರು ಗೋ ಅರೌಂಡ್. ಮುಂದೆ ಇಳಿದ ವಿಮಾನ ರನ್‌ವೇಯಿಂದ ಪಕ್ಕಕ್ಕೆ ಹೊರಳುವುದು ಹತ್ತು ಸೆಕೆಂಡ್ ತಡವಾಗಿರುತ್ತದೆ. ಅಥವಾ ಹೊರಡಬೇಕಾದ ವಿಮಾನ ‘ಈಗ ಹೊರಟೆ’ ಎಂದು ಹೇಳಿ, ಹೊರಡುವುದು ನಿಧಾನವಾಗಿರುತ್ತದೆ. ಗೋಪುರದಲ್ಲಿ ಕೂತ ಕಂಟ್ರೋಲರ್ ನೋಡುತ್ತಾನೆ, ಸಾಲದು ಅನ್ನಿಸುತ್ತದೆ, ‘ಗೋ ಅರೌಂಡ್’ ಎನ್ನುತ್ತಾನೆ. ಎಷ್ಟೋ ಸಲ ಅವನು ಬಾಯಿ ತೆರೆಯುವ ಮೊದಲೇ ಪೈಲಟ್ಟೇ ನಿರ್ಧಾರ ಮಾಡಿ ಎದ್ದುಬಿಡುತ್ತಾರೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೂವತ್ತು ವರ್ಷ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದವನು ಹೇಳುತ್ತಿದ್ದೇನೆ: ನನಗೆ ಹೆದರಿಕೆ ಆಗುತ್ತಿದ್ದುದು ಗೋ ಅರೌಂಡ್ ಮಾಡುವ ಪೈಲಟ್‌ಗಳನ್ನು ನೋಡಿ ಅಲ್ಲ, ಮಾಡಬೇಕಾದಾಗ ಮಾಡದವರನ್ನು ನೋಡಿ.

ಯಾರೂ ಮಾತಾಡಲಿಲ್ಲ ಅಂದಿರಿ. ಆ ಹೊತ್ತಿನಲ್ಲಿ ಕಾಕ್‌ಪಿಟ್‌ನಲ್ಲಿ ಕೈ ತುಂಬ ಕೆಲಸ. ಎಂಜಿನ್ ಪೂರ್ತಿ ಶಕ್ತಿಗೆ ಹೋಗಬೇಕು, ಮೂತಿ ಮೇಲೆ ಎತ್ತಬೇಕು, ಚಕ್ರ ಒಳಗೆ ಎಳೆಯಬೇಕು, ರೇಡಿಯೋದಲ್ಲಿ ಹೊಸ ದಿಕ್ಕು, ಹೊಸ ಎತ್ತರ ಕೇಳಿಸಿಕೊಳ್ಳಬೇಕು. ಪ್ರಯಾಣಿಕರಿಗೆ ಹೇಳುವ ಸರದಿ ಕೊನೆಗೆ. ನಿಮಗೆ ಅದು ಭಯದ ಮೌನ. ಅವರಿಗೆ ಅದು ಅಡುಗೆ ಮನೆಯಲ್ಲಿ ಹಾಲು ಉಕ್ಕುವ ಹೊತ್ತು. ಆಗ ಬಾಗಿಲಿಗೆ ಬಂದವರಿಗೆ ಯಾರೂ ಉತ್ತರ ಕೊಡುವುದಿಲ್ಲ, ಅಲ್ವಾ?

ಇನ್ನು ಕಿಟಕಿಯಲ್ಲಿ ಕಂಡ ವಿಮಾನ. ಎದುರುಬದುರು ಹೋಗುವ ವಿಮಾನಗಳ ನಡುವೆ ಮೇಲೆ-ಕೆಳಗೆ 1,000 ಅಡಿ ಇರಬೇಕು ಅನ್ನುವುದು ನಿಯಮ. ಅಂದರೆ ಸುಮಾರು 300 ಮೀಟರ್. ಮೊದಲೆಲ್ಲ 29,000 ಅಡಿಗಿಂತ ಮೇಲೆ 2,000 ಅಡಿ ಬಿಡುತ್ತಿದ್ದರು. ಎತ್ತರ ಅಳೆಯುವ ಉಪಕರಣಗಳು ಕರಾರುವಾಕ್ಕಾದ ಮೇಲೆ, ನಮ್ಮ ದೇಶದಲ್ಲಿ 2003ರಿಂದ, ಅಲ್ಲೂ 1,000 ಅಡಿ ಸಾಕು ಎಂದಾಯಿತು. ಎರಡೂ ವಿಮಾನ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಎದುರಾದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಅಂತರ ಕರಗುತ್ತದೆ. ಹಾಗಾಗಿ 300 ಮೀಟರ್ ಕೆಳಗೆ ಹೋದದ್ದೂ ಮೂಗಿನ ಕೆಳಗೆ ಹೋದ ಹಾಗೇ ಕಾಣುತ್ತದೆ. ನೀವು ನೋಡಿದ್ದು ಪ್ರತಿ ದಿನ, ಪ್ರತಿ ಗಂಟೆ ನಡೆಯುವ ಸಾಮಾನ್ಯ ಸಂಗತಿ.

ಯಜಮಾನರು ಇನ್ನು ಬೇಕಾದರೆ ಪೇಪರ್ ಓದಲಿ. ಮುಂದಿನದು ನಿಮ್ಮ ಪ್ರಶ್ನೆಗಳಿಗೆ, ಅಲ್ಲಿ ನಾನು ಇಷ್ಟು ಸಲೀಸಾಗಿ ಸಮಾಧಾನ ಹೇಳಲಾರೆ.

ಟಿವಿಯವರು ‘ಕೂದಲೆಳೆ ಅಂತರದಲ್ಲಿ ಪಾರು’ ಅನ್ನುತ್ತಾರಲ್ಲ, ನಮ್ಮ ಕಡತದಲ್ಲಿ ಅದಕ್ಕೆ ಏರ್‌ಪ್ರಾಕ್ಸ್ ಎಂದು ಹೆಸರು. ರಾಡಾರ್ ಇರುವ ಕಡೆ, ದಾರಿಯ ಮಧ್ಯದಲ್ಲಿ, ಒಂದೇ ಎತ್ತರದ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ ಬಿಡುತ್ತೇವೆ. ಅಂದರೆ ಒಂಬತ್ತು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಇದು 4 ಮೈಲಿಗೆ ಇಳಿದರೂ, ಎತ್ತರದ ಅಂತರವೂ ಇಲ್ಲದಿದ್ದರೆ, ಅದು ತಪ್ಪು. ದಾಖಲಾಗಬೇಕು, ತನಿಖೆ ಆಗಬೇಕು. ಕೂದಲೆಳೆ ಅನ್ನುವುದು ಇಲ್ಲಿ ಏಳು ಕಿಲೋಮೀಟರ್! ‘ಇಷ್ಟೇನಾ’ ಅಂತ ನಗಬೇಡಿ. ಎದುರುಬದುರು ಬರುತ್ತಿದ್ದರೆ ಆ ಏಳು ಕಿಲೋಮೀಟರ್ ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಪಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮುಗಿಯುವುದೇ ಇಲ್ಲ. ಅದಕ್ಕೇ ನಾವು ‘ಎಷ್ಟು ದೂರ ಇತ್ತು’ ಅನ್ನುವುದಕ್ಕಿಂತ ‘ಎಷ್ಟು ಹೊತ್ತು ಉಳಿದಿತ್ತು, ಯಾರು ಗಮನಿಸಿದರು’ ಎಂದು ಕೇಳುತ್ತೇವೆ.

ಮುಂಬೈ ವಿಡಿಯೋ 2024ರ ಜೂನ್ 8ರದ್ದು. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದನ್ನೇ ನಡೆಸಬೇಕು. ಆ ಒಂದರ ಮೇಲೆ ಗಂಟೆಗೆ 40ಕ್ಕಿಂತ ಜಾಸ್ತಿ ವಿಮಾನ ಏರಿಳಿಯುತ್ತವೆ. ಒಂದೂವರೆ ನಿಮಿಷಕ್ಕೆ ಒಂದು ಲೆಕ್ಕ. ಒಂದು ವಿಮಾನ ನೆಲ ಬಿಡುತ್ತಿರುವಾಗಲೇ ಹಿಂದಿನದು ನೆಲ ಮುಟ್ಟಿದ್ದು ಸರಿಯಲ್ಲ ಎಂದೇ ತನಿಖೆಗೆ ಹೋಯಿತು, ಕರ್ತವ್ಯದಲ್ಲಿದ್ದ ಕಂಟ್ರೋಲರನ್ನು ಕೆಲಸದಿಂದ ದೂರ ಇಟ್ಟರು. ಮೊಬೈಲಿನಲ್ಲಿ ದೂರದಿಂದ ಜೂಮ್ ಮಾಡಿ ತೆಗೆದ ದೃಶ್ಯ ಅಂತರವನ್ನು ಕುಗ್ಗಿಸಿ ತೋರಿಸುತ್ತದೆ ಅನ್ನುವುದೂ ನಿಜ. ಎರಡೂ ನಿಜ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಅಷ್ಟು ದೊಡ್ಡ ಆಕಾಶದಲ್ಲಿ ಎದುರಾಗುವುದು ಹೇಗೆ?

ಊರು ಎಷ್ಟೇ ದೊಡ್ಡದಿರಲಿ, ಜಾತ್ರೆಯ ದಿನ ಜನ ಸೇರುವುದು ತೇರುಬೀದಿಯಲ್ಲೇ. ಆಕಾಶದಲ್ಲೂ ಹಾಗೆಯೇ. ವಿಮಾನಗಳಿಗೆ ಗೊತ್ತು ಮಾಡಿದ ದಾರಿಗಳಿವೆ, ದಾರಿಗಳು ಕೂಡುವ ಬಿಂದುಗಳಿವೆ, ಎಲ್ಲ ದಾರಿಗಳೂ ಕೊನೆಗೆ ಬರುವುದು ಅದೇ ಒಂದೆರಡು ರನ್‌ವೇಗೆ. ಇನ್ನೊಂದು ವಿಚಿತ್ರ ಇದೆ. ಹಳೆಯ ಕಾಲದಲ್ಲಿ ವಿಮಾನ ತನ್ನ ದಾರಿಯಿಂದ ಒಂದೆರಡು ಮೈಲಿ ಆಚೀಚೆ ಹೋಗುತ್ತಿತ್ತು. ಎತ್ತರದ ಲೆಕ್ಕ ತಪ್ಪಿದರೂ ಆ ಓರೆಕೋರೆಯೇ ಕಾಪಾಡಿಬಿಡುತ್ತಿತ್ತು. ಜಿಪಿಎಸ್ ಬಂದ ಮೇಲೆ ಎಲ್ಲರೂ ಗೆರೆ ಕೊಯ್ದ ಹಾಗೆ ನಡುಗೆರೆಯಲ್ಲೇ ಹಾರುತ್ತಾರೆ. 2006ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಕಾಡಿನ ಮೇಲೆ ಒಂದು ಬೋಯಿಂಗ್ 737, ಒಂದು ಸಣ್ಣ ಬಿಸಿನೆಸ್ ಜೆಟ್, ಎರಡೂ 37,000 ಅಡಿಯಲ್ಲಿ, ಒಂದೇ ದಾರಿಯಲ್ಲಿ ಎದುರಾದವು. 737ರಲ್ಲಿದ್ದ 154 ಜನರೂ ಸತ್ತರು. ಸಣ್ಣ ಜೆಟ್ ರೆಕ್ಕೆಯ ತುದಿ ಮುರಿದುಕೊಂಡು ಹೇಗೋ ಇಳಿಯಿತು. ಅದರ ಟ್ರಾನ್ಸ್‌ಪಾಂಡರ್, ಅಂದರೆ ತನ್ನ ಗುರುತು ಮತ್ತು ಎತ್ತರ ಕೂಗಿ ಹೇಳುವ ಪೆಟ್ಟಿಗೆ, ಆಗ ಮೌನವಾಗಿತ್ತು. ರಾಡಾರ್ ಪರದೆಯ ಮುಂದೆ ಕೂತವರು ಅದನ್ನು ಗಮನಿಸಲಿಲ್ಲ, ಒಬ್ಬರಿಂದ ಒಬ್ಬರಿಗೆ ಕೆಲಸ ವಹಿಸುವಾಗಲೂ ಅದು ತಪ್ಪಿಹೋಯಿತು.

ಈ ಕೊನೆಯ ಮಾತೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು. ಎರಡು ವಿಮಾನ ಹತ್ತಿರ ಬರುವ ಮೊದಲು, ಬಹಳ ಸಲ, ಎರಡು ಮನುಷ್ಯರ ನಡುವೆ ಒಂದು ಮಾತು ಬಿಟ್ಟುಹೋಗಿರುತ್ತದೆ.

ಬೆಂಗಳೂರಿನದೇ ಉದಾಹರಣೆ ಕೊಡುತ್ತೇನೆ. ಕೆಂಪೇಗೌಡ ನಿಲ್ದಾಣದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ರನ್‌ವೇ ಇವೆ. ಗೋಪುರದಲ್ಲಿ ಉತ್ತರದ್ದನ್ನು ಒಬ್ಬರು, ದಕ್ಷಿಣದ್ದನ್ನು ಇನ್ನೊಬ್ಬರು ನೋಡುತ್ತಾರೆ. 2022ರ ಜನವರಿ 7ರ ಬೆಳಗ್ಗೆ ಶಿಫ್ಟ್ ಇನ್‌ಚಾರ್ಜ್ ‘ಇನ್ನು ಉತ್ತರದ್ದೊಂದೇ ಸಾಕು, ದಕ್ಷಿಣದ್ದನ್ನು ನಿಲ್ಲಿಸೋಣ’ ಎಂದು ನಿರ್ಧರಿಸಿದರು. ತಪ್ಪು ನಿರ್ಧಾರವೇನಲ್ಲ. ಆದರೆ ದಕ್ಷಿಣದ ಕಂಟ್ರೋಲರಿಗೆ ಅದು ತಿಳಿಯಲಿಲ್ಲ. ಅವರು ಭುವನೇಶ್ವರದ ವಿಮಾನಕ್ಕೆ ಹೊರಡಲು ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಕೋಲ್ಕತ್ತಾ ವಿಮಾನಕ್ಕೆ ಕೊಟ್ಟರು. ಎರಡೂ ಇಂಡಿಗೋ ವಿಮಾನಗಳು, ಸಿಬ್ಬಂದಿ ಸೇರಿ ಒಟ್ಟು 426 ಜನ. ಮೇಲೆದ್ದ ಮೇಲೆ ಎರಡರ ದಾರಿಯೂ ಒಂದರ ಕಡೆಗೊಂದು ಬಾಗುತ್ತಿತ್ತು. ಅಪ್ರೋಚ್ ರಾಡಾರಿನಲ್ಲಿ ಕೂತಿದ್ದ ಮೂರನೆಯ ಕಂಟ್ರೋಲರ್ ಪರದೆಯ ಮೇಲೆ ಎರಡು ಚುಕ್ಕೆ ನೋಡಿ, ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಅಷ್ಟೇ. ಪ್ರಯಾಣಿಕರಿಗೆ ಬಹುಶಃ ಒಂದು ಸಣ್ಣ ತಿರುವು ಅನ್ನಿಸಿರಬಹುದು.

ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಎರಡೂ ಪೈಲಟ್‌ಗಳು ಹೇಳಿದ್ದನ್ನೇ ಮಾಡಿದರು. ಬಿಟ್ಟುಹೋದದ್ದು ಒಂದು ವಾಕ್ಯ.

ಇಂಥದ್ದು ನನ್ನ ಕೈಯಲ್ಲೂ ಆಗಿದೆ, ಯಾವ ನಿಲ್ದಾಣ ಎಂದು ಹೇಳುವುದಿಲ್ಲ. ಹೊಸದಾಗಿ ಸೇರಿದ ದಿನಗಳು. ಬೆಳಗಿನ ಜಾವ ನಾಲ್ಕರ ಸುಮಾರು. ಕುರ್ಚಿ ಬಿಟ್ಟುಕೊಡುವ ಸಹೋದ್ಯೋಗಿ ಗಾಳಿ ಹೇಳಿದರು, ಬರುತ್ತಿರುವ ವಿಮಾನ ಹೇಳಿದರು, ಒಂದು ದೀಪ ಕೆಟ್ಟಿದೆ ಎಂದೂ ಹೇಳಿದರು. ರನ್‌ವೇ ತಪಾಸಣೆಗೆ ಜೀಪ್ ಒಳಗೆ ಹೋಗಿದೆ ಅನ್ನುವುದನ್ನು ಮಾತ್ರ ಮರೆತರು. ನಮ್ಮ ಮುಂದೆ ಪ್ರತಿ ವಿಮಾನಕ್ಕೂ ಒಂದು ಸ್ಟ್ರಿಪ್ ಇರುತ್ತಿತ್ತು. ಬೆರಳಗಲದ ಕಾಗದದ ಪಟ್ಟಿ, ಪ್ಲಾಸ್ಟಿಕ್ ಹಿಡಿಯಲ್ಲಿ ಸಿಕ್ಕಿಸಿ ಹಲಗೆಯ ಮೇಲೆ ಸಾಲಾಗಿ ಇಡುವುದು. ಏನಾದರೂ ಬಾಕಿ ಇದ್ದರೆ ಆ ಪಟ್ಟಿಯನ್ನು ಸ್ವಲ್ಪ ಓರೆಯಾಗಿ ಹೊರಕ್ಕೆ ಎಳೆದಿಡುತ್ತಿದ್ದೆವು, ಕಣ್ಣಿಗೆ ಚುಚ್ಚಲಿ ಅಂತ. ರನ್‌ವೇ ಒಳಗೆ ಗಾಡಿ ಇದ್ದರೆ ಅದಕ್ಕೂ ಒಂದು ಪಟ್ಟಿ ಇಡಬೇಕು. ಅವತ್ತು ಇರಲಿಲ್ಲ. ನಾನು ವಿಮಾನಕ್ಕೆ ಇಳಿಯಲು ಅನುಮತಿ ಕೊಟ್ಟೆ. ಜೀಪ್ ಚಾಲಕ ತನ್ನ ವಾಕಿಟಾಕಿಯಲ್ಲಿ ನಿಧಾನವಾಗಿ ಕೇಳಿದ: ‘ಸಾರ್, ಎದುರಿಗೆ ಲೈಟ್ ಕಾಣ್ತಾ ಇದೆ. ನಾನಿನ್ನೂ ಒಳಗೇ ಇದೀನಿ.’

ವಿಮಾನ ಇನ್ನೂ ನಾಲ್ಕು ಮೈಲಿ ಆಚೆ ಇತ್ತು. ಗೋ ಅರೌಂಡ್ ಹೇಳಿದೆ. ಆ ವಿಮಾನದಲ್ಲೂ ನಿಮ್ಮ ಹಾಗೆ ಯಾರೋ ‘ಏನಾಯ್ತು’ ಎಂದು ಕೈ ಹಿಡಿದುಕೊಂಡಿರಬೇಕು. ನನಗೆ ಆಮೇಲೆ ಬಹಳ ಹೊತ್ತು ಚಹಾ ಲೋಟ ಹಿಡಿಯಲು ಆಗಲಿಲ್ಲ. ಕೇಳಲು ಸಂಕೋಚಪಡದ ಆ ಚಾಲಕನಿಗೆ ಮರುದಿನ ಹೋಗಿ ಕೈ ಮುಗಿದೆ. ‘ಸುಮ್ನೆ ಕೇಳ್ದೆ ಸಾರ್’ ಅಂದ.

2023ರ ಆಗಸ್ಟಿನಲ್ಲಿ ದೆಹಲಿಯಲ್ಲೂ ಹೀಗೇ. ಇಳಿದು ಮುಗಿಸಿದ ವಿಮಾನವೊಂದಕ್ಕೆ ಪಕ್ಕದ ರನ್‌ವೇ ದಾಟಲು ಹೇಳಿದ್ದರು. ಅದೇ ರನ್‌ವೇಯಿಂದ ಹೊರಡಲು ಇನ್ನೊಂದಕ್ಕೂ ಅನುಮತಿ ಸಿಕ್ಕಿತ್ತು. ದಾಟುತ್ತಿದ್ದ ವಿಮಾನದ ಮಹಿಳಾ ಕ್ಯಾಪ್ಟನ್ ಗಮನಿಸಿ ರೇಡಿಯೋದಲ್ಲಿ ಎಚ್ಚರಿಸಿದರು. ಹೊರಟಿದ್ದ ವಿಮಾನವನ್ನು ನಿಲ್ಲಿಸಲಾಯಿತು.

ಮಾತು ಬಿಟ್ಟುಹೋಗುವುದು ಒಂದು ಬಗೆ, ಮಾತು ತಪ್ಪಾಗಿ ಕೇಳುವುದು ಇನ್ನೊಂದು. ರೇಡಿಯೋದಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀಚಲು ಸದ್ದು ಬಿಟ್ಟು ಏನೂ ಕೇಳಿಸುವುದಿಲ್ಲ. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಮಂಜಿನ ನಡುವೆ ಎರಡು ಜಂಬೋಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತಾಗ, ‘ನಾವಿನ್ನೂ ರನ್‌ವೇಯಲ್ಲಿದ್ದೇವೆ’ ಅನ್ನುವ ಮಾತು ಇಂಥ ಒಂದು ಕೀಚಲಿನ ಕೆಳಗೆ ಹೂತುಹೋಗಿತ್ತು. ಅಂದಿನಿಂದ ‘ಟೇಕ್ ಆಫ್’ ಅನ್ನುವ ಪದವನ್ನು ನಿಜವಾಗಿ ಹೊರಡಲು ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಬಾಯಿಗೆ ತರಬೇಕು. ಉಳಿದ ಕಡೆಯೆಲ್ಲ ‘ಡಿಪಾರ್ಚರ್’. ಪೈಲಟ್ ಪ್ರತಿ ಸೂಚನೆಯನ್ನೂ ತಿರುಗಿ ಒಪ್ಪಿಸಬೇಕು, ಮಗ್ಗಿ ಒಪ್ಪಿಸಿದ ಹಾಗೆ. ನಾವು ಅದನ್ನು ಕಿವಿಗೊಟ್ಟು ಕೇಳಬೇಕು. ನೀವು ಶಿಕ್ಷಕಿ, ನಿಮಗೆ ಗೊತ್ತು: ಸಾವಿರ ಸಲ ಸರಿಯಾಗಿ ಒಪ್ಪಿಸಿದ ಹುಡುಗ ಸಾವಿರದ ಒಂದನೇ ಸಲ ತಪ್ಪಿದರೆ ನಮ್ಮ ಕಿವಿಯೇ ಅದನ್ನು ತಿದ್ದಿ ಸರಿಯೆಂದು ಕೇಳಿಸಿಕೊಂಡುಬಿಡುತ್ತದೆ.

‘ಎಲ್ಲಾ ಕಂಪ್ಯೂಟರ್ ನೋಡಿಕೊಳ್ಳುತ್ತೆ’ ಅನ್ನುವ ಮಗನ ಮಾತಿಗೆ ಬರೋಣ. ಅರ್ಧ ನಿಜ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಜಂಬೋ ಮತ್ತು ಕಝಾಕ್‌ಸ್ತಾನದ ಇಲ್ಯೂಷಿನ್ ಡಿಕ್ಕಿಯಾದವು. 349 ಜನ, ಒಬ್ಬರೂ ಉಳಿಯಲಿಲ್ಲ. ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಝಾಕ್ ವಿಮಾನಕ್ಕೆ 15,000 ಅಡಿ ಎಂದು ಹೇಳಲಾಗಿತ್ತು. ಕಝಾಕ್ ವಿಮಾನ ಅದಕ್ಕಿಂತ ಕೆಳಗೆ ಬಂತು. ದೆಹಲಿಯ ಕಂಟ್ರೋಲರ್ ಮುಂದಿದ್ದ ಅಂದಿನ ರಾಡಾರ್ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ದಾರಿ. ಆಮೇಲೆ ಎತ್ತರ ತೋರಿಸುವ ರಾಡಾರ್ ಬಂತು, ಬರುವ ದಾರಿ ಹೋಗುವ ದಾರಿ ಬೇರೆಯಾದವು, ದೊಡ್ಡ ವಿಮಾನಗಳಲ್ಲಿ ಟಿಕಾಸ್ ಅನ್ನುವ ಉಪಕರಣ ಕಡ್ಡಾಯವಾಯಿತು.

ಟಿಕಾಸ್ ಒಂದು ವಿಮಾನದಿಂದ ಇನ್ನೊಂದರ ಜತೆ ನೇರ ಮಾತಾಡುತ್ತದೆ, ನಮ್ಮನ್ನು ಕೇಳುವುದಿಲ್ಲ. ತೀರಾ ಹತ್ತಿರವಾದರೆ ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಎಂದು ಕೂಗಿ ಹೇಳುತ್ತದೆ. 2018ರ ಜುಲೈನಲ್ಲಿ ಬೆಂಗಳೂರಿನ ವಾಯುಪ್ರದೇಶದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ವಿಮಾನವೂ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನವೂ 200 ಅಡಿ ಎತ್ತರದ ಅಂತರಕ್ಕೆ ಬಂದಾಗ ಕೂಗಿದ್ದು ಇದೇ.

ಆ ಕ್ಷಣ ಕೆಳಗೆ ಹೇಗಿರುತ್ತದೆ ಗೊತ್ತಾ? ಹೆಡ್‌ಸೆಟ್‌ನಲ್ಲಿ ಪೈಲಟ್‌ನ ಗಂಟಲು ಬಿಗಿದ ದನಿ: ‘ಟಿಕಾಸ್ ಆರ್‌ಎ’, ಅಂದರೆ ಟಿಕಾಸ್ ಏರು-ಇಳಿ ಎಂದು ಹೇಳಿದೆ, ಅದನ್ನೇ ಪಾಲಿಸುತ್ತಿದ್ದೇವೆ ಎಂದು. ಆಮೇಲೆ ನೀವು ‘ರೋಜರ್’ ಎನ್ನಬೇಕು, ಬಾಯಿ ಮುಚ್ಚಿಕೊಂಡು ಕೂರಬೇಕು. ಅವರಿಗೆ ಏರು, ಇಳಿ, ತಿರುಗು ಅನ್ನುವ ಹಾಗಿಲ್ಲ. ಪರದೆಯ ಮೇಲೆ ಎರಡು ಅಂಕಿಗಳು ಬದಲಾಗುವುದನ್ನು ನೋಡುತ್ತಾ, ಮೈಕಿನ ಗುಂಡಿಯಿಂದ ಬೆರಳು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವುದು. ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿರಲಿಲ್ಲ.

ಯಾಕೆ ಸುಮ್ಮನಿರಬೇಕು ಅನ್ನುವುದಕ್ಕೆ ಬಹಳ ದೊಡ್ಡ ಬೆಲೆ ತೆತ್ತಿದ್ದೇವೆ. 2001ರ ಜನವರಿ 31ರಂದು ಜಪಾನಿನಲ್ಲಿ ಒಬ್ಬ ತರಬೇತಿಯ ಕಂಟ್ರೋಲರ್ ಎರಡು ವಿಮಾನಗಳ ಸಂಖ್ಯೆ ಅದಲುಬದಲು ಮಾಡಿ, ಇಳಿಯಬಾರದ್ದಕ್ಕೆ ಇಳಿ ಎಂದ. ಯಂತ್ರ ಏರು ಅಂದಿತು. ಪೈಲಟ್ ಮನುಷ್ಯನ ಮಾತು ಕೇಳಿದ. ಇನ್ನೊಂದು ವಿಮಾನ ಯಂತ್ರದ ಮಾತು ಕೇಳಿ ತಾನೂ ಇಳಿಯಿತು. ಕೊನೆಯ ಕ್ಷಣದಲ್ಲಿ ಕಣ್ಣಿಗೆ ಕಂಡು ತಪ್ಪಿಸಿದರು. ಎರಡರಲ್ಲೂ ಸೇರಿ 677 ಜನ ಇದ್ದರು. ಇದರ ಪಾಠ ಜಗತ್ತಿಗೆ ತಲುಪುವ ಮೊದಲೇ, 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್‌ಲಿಂಗನ್ ಮೇಲೆ ಅದೇ ಗೊಂದಲ. ಅಲ್ಲಿ ತಪ್ಪಿಸಲು ಆಗಲಿಲ್ಲ. 71 ಸಾವು, ಅದರಲ್ಲಿ ಹೆಚ್ಚಿನವರು ಮಕ್ಕಳು.

ಊಬರ್‌ಲಿಂಗನ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನೀವು ನಿದ್ದೆಯ ವಿಷಯ ಕೇಳಿದಿರಿ. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಕೋಣೆಯಲ್ಲಿ ಇಬ್ಬರು ಇರಬೇಕಿತ್ತು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಟ್ರಾಫಿಕ್ ಕಡಿಮೆ ಇದ್ದರೆ ಹಾಗೆ ಮಾಡುವುದು ಅಲ್ಲಿ ರೂಢಿಯಾಗಿತ್ತು. ಉಳಿದ ಒಬ್ಬರೇ ಎರಡು ಪರದೆಗಳ ಮುಂದೆ ಓಡಾಡುತ್ತಿದ್ದರು. ದುರಸ್ತಿಗಾಗಿ ಮುಖ್ಯ ಟೆಲಿಫೋನ್ ಲೈನ್ ನಿಲ್ಲಿಸಿದ್ದರು, ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ. ಪಕ್ಕದ ಕಾರ್ಲ್ಸ್‌ರೂಹೆಯ ಕಂಟ್ರೋಲರಿಗೆ ತನ್ನ ಪರದೆಯ ಮೇಲೆ ಡಿಕ್ಕಿ ಕಾಣುತ್ತಿತ್ತು. ಫೋನ್ ಮಾಡಿದರು, ಮಾಡಿದರು, ಲೈನ್ ಸಿಗಲಿಲ್ಲ. ಕಣ್ಣೆದುರು ನಡೆಯುತ್ತಿದ್ದರೂ ಪಕ್ಕದ ಕೋಣೆಗೆ ಕೂಗಿ ಹೇಳಲು ಆಗದೆ ಇದ್ದದ್ದು, ನನಗೆ ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ಆದ್ದರಿಂದ ಟಿಕಾಸ್ ಇದೆ ಎಂದು ನೆಮ್ಮದಿಯಿಂದ ಇರಲು ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅದು ‘ಏರು, ಇಳಿ’ ಎಂದು ಹೇಳುವುದೇ ಇಲ್ಲ. ನೆಲ ಹತ್ತಿರ ಇರುವಾಗ ‘ಇಳಿ’ ಎಂದು ಕೂಗಿದರೆ ಗತಿಯೇನು? ಅದಕ್ಕೇ ಹಾಗೆ ಮಾಡಿದ್ದಾರೆ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾದದ್ದು ಆ ಎತ್ತರದಲ್ಲೇ. 67 ಜನ ಹೋದರು. ಹೆಲಿಕಾಪ್ಟರ್ ತನಗೆ ಗೊತ್ತು ಮಾಡಿದ 200 ಅಡಿಗಿಂತ ಮೇಲಿತ್ತು. ಗೋಪುರದಲ್ಲಿ ವಿಮಾನಗಳನ್ನೂ ಹೆಲಿಕಾಪ್ಟರ್‌ಗಳನ್ನೂ ಒಬ್ಬರೇ ನೋಡುತ್ತಿದ್ದರು.

ಇಂಥ ಜಾಗಗಳಲ್ಲಿ ಸಮನ್ವಯ ಅನ್ನುವುದು ದೊಡ್ಡ ಮಾತಲ್ಲ, ಟೆಲಿಫೋನ್. ಬೆಂಗಳೂರನ್ನೇ ನೋಡಿ. ದೇವನಹಳ್ಳಿಯ ದೊಡ್ಡ ನಿಲ್ದಾಣದ ಕಂಟ್ರೋಲರ್‌ಗಳು ವಿಮಾನ ನಿಲ್ದಾಣ ಪ್ರಾಧಿಕಾರದವರು, ನಿಲ್ದಾಣ ಖಾಸಗಿಯವರು ನಡೆಸಿದರೂ ಗೋಪುರ ಸರ್ಕಾರದ್ದೇ. ಸ್ವಲ್ಪ ದಕ್ಷಿಣಕ್ಕೆ ಯಲಹಂಕ, ಅದು ವಾಯುಪಡೆಯದ್ದು. ಜಕ್ಕೂರಿನಲ್ಲಿ ಹಾರಾಟ ಕಲಿಯುವ ಹುಡುಗರ ಸಣ್ಣ ವಿಮಾನಗಳು. ಹಳೆಯ ಎಚ್‌ಎಎಲ್ ನಿಲ್ದಾಣದಿಂದ 2008ರಲ್ಲಿ ಪ್ರಯಾಣಿಕರ ವಿಮಾನಗಳು ಹೋದವು, ಪರೀಕ್ಷಾ ಹಾರಾಟ ನಿಂತಿಲ್ಲ. ಒಂದೇ ಊರಿನ ಆಕಾಶ, ಯಜಮಾನರು ನಾಲ್ಕು. ಏರೋ ಇಂಡಿಯಾ ನಡೆಯುವಾಗ ಬೆಂಗಳೂರಿನ ವಿಮಾನಗಳನ್ನು ದಿನದ ಕೆಲವು ಗಂಟೆ ನಿಲ್ಲಿಸಿಬಿಡುತ್ತಾರಲ್ಲ, ಜನ ಬೈದುಕೊಳ್ಳುತ್ತಾರೆ. ನನಗೆ ಅದು ಇಷ್ಟವಾದ ಏರ್ಪಾಡು. ಗೊಂದಲಕ್ಕೆ ಜಾಗವೇ ಇಲ್ಲ, ಒಂದು ಹೊತ್ತಿಗೆ ಒಬ್ಬರ ಆಕಾಶ.

ನಿದ್ದೆ ಮಾಡುತ್ತಾರಾ ಅಂದರೆ, ಪರದೆಯ ಮುಂದೆ ಎರಡು ಗಂಟೆ ಕೂತರೆ ಎದ್ದು ವಿಶ್ರಾಂತಿ ತೆಗೆದುಕೊಳ್ಳಬೇಕು ಅನ್ನುವ ನಿಯಮ ಇದೆ. ಜನ ಕಡಿಮೆ ಇರುವ ಕಡೆ ಅದನ್ನು ಪಾಲಿಸುವುದು ಹಗ್ಗದ ಮೇಲಿನ ನಡಿಗೆ. ಆದರೆ ನನ್ನ ಅನುಭವದಲ್ಲಿ ಹದಿನೈದು ವಿಮಾನ ಒಟ್ಟಿಗೆ ಇರುವಾಗ ತಪ್ಪು ಆಗುವುದು ಕಡಿಮೆ. ಆಗ ಮೈಯೆಲ್ಲ ಕಣ್ಣು. ಗದ್ದಲ ಇಳಿದು, ಬೆನ್ನು ಕುರ್ಚಿಗೆ ಒರಗಿ, ಇನ್ನೇನು ಎರಡೇ ವಿಮಾನ ಅನ್ನುವಾಗ ಆ ಎರಡೇ ಹತ್ತಿರ ಬಂದಿರುತ್ತವೆ. ಇಲ್ಲವೇ, ಕುರ್ಚಿ ಬದಲಾದ ಮೊದಲ ಹತ್ತು ನಿಮಿಷದಲ್ಲಿ.

ಹಾಗಾದರೆ ಏನು ಮಾಡಬಹುದು? ಅಂತರ ಹೆಚ್ಚಿಸಿ ಅನ್ನುತ್ತಾರೆ. ಹೆಚ್ಚಿಸಿದರೆ ವಿಮಾನಗಳು ಊರ ಮೇಲೆ ಸುತ್ತು ಹಾಕುತ್ತಾ ಕಾಯಬೇಕು, ಕಾಯುವ ಗುಂಪೇ ಇನ್ನೊಂದು ಜಾತ್ರೆ ಆಗುತ್ತದೆ. ಎಚ್ಚರಿಕೆಯ ಗಂಟೆ ಜಾಸ್ತಿ ಹಾಕಿ ಅನ್ನುತ್ತಾರೆ. ಒಳ್ಳೆಯದೇ, ಆದರೆ ಸುಮ್ಮಸುಮ್ಮನೆ ಬಡಿಯುವ ಗಂಟೆಯನ್ನು ಕಿವಿ ನಾಲ್ಕೇ ದಿನದಲ್ಲಿ ಮರೆಯುತ್ತದೆ. ಕಂಟ್ರೋಲರ್‌ಗಳನ್ನು ಜಾಸ್ತಿ ತೆಗೆದುಕೊಳ್ಳಿ ಅನ್ನುವುದು ಸರಿಯಾದ ಮಾತು. ಆದರೆ ಪರೀಕ್ಷೆ ಪಾಸಾದ ಹುಡುಗಿ ಒಂಟಿಯಾಗಿ ಕುರ್ಚಿಯಲ್ಲಿ ಕೂರಲು ವರ್ಷಗಳೇ ಬೇಕು. ಒಂದು ನಿಲ್ದಾಣದ ರೇಟಿಂಗ್, ಅಂದರೆ ಅಲ್ಲಿ ಕೂರುವ ಅರ್ಹತೆ, ಇನ್ನೊಂದಕ್ಕೆ ನಡೆಯುವುದೂ ಇಲ್ಲ.

ನಾಲ್ಕನೆಯದು, ತಪ್ಪು ಮಾಡಿದವರನ್ನು ಸಸ್ಪೆಂಡ್ ಮಾಡಿ ಅನ್ನುವುದು. ವಿಡಿಯೋ ವೈರಲ್ ಆದ ದಿನ ಎಲ್ಲರ ಬಾಯಲ್ಲೂ ಇದೇ. ನಾನು ಒಪ್ಪುವುದಿಲ್ಲ. ನಮ್ಮವರ ಪರ ಮಾತಾಡುತ್ತೇನೆ ಅನ್ನಿಸಿದರೆ ಅನ್ನಿಸಲಿ. ಬೆಂಗಳೂರಿನ ಆ ಘಟನೆ ಆದಾಗ ಅದು ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ, ಪ್ರಾಧಿಕಾರವೂ ವರದಿ ಮಾಡಿರಲಿಲ್ಲ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ಗೊತ್ತಾಗಿ ವಿಚಾರಣೆ ಶುರುವಾಗಿ ದೇಶಕ್ಕೆ ತಿಳಿಯಿತು. ಆಕಾಶದಲ್ಲಿ ಆದ ತಪ್ಪಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಇದು. ಬರೆದರೆ ಕೆಲಸ ಹೋಗುತ್ತದೆ ಎಂದಾದರೆ ಯಾರು ಬರೆಯುತ್ತಾರೆ? ಕುಡಿದು ಬಂದವನನ್ನು, ಬೇಕೆಂದೇ ನಿಯಮ ಮುರಿದವನನ್ನು ಮನೆಗೆ ಕಳಿಸಿ. ಮರೆತವನಿಂದ ಹೇಗೆ ಮರೆತೆ ಎಂದು ಬರೆಸಿಕೊಳ್ಳಿ. ನನ್ನ ಜೀಪಿನ ಕಥೆಯನ್ನು ನಾನು ಅವತ್ತೇ ಬರೆದೆ. ಬೈಗುಳ ಸಿಕ್ಕಿತು, ಮೆಮೋ ಸಿಗಲಿಲ್ಲ. ಆ ವಾರದಿಂದ ಕುರ್ಚಿ ಬದಲಾಗುವಾಗ ‘ರನ್‌ವೇ ಒಳಗೆ ಯಾರಿದ್ದಾರೆ’ ಅನ್ನುವುದು ಓದಿ ಹೇಳುವ ಪಟ್ಟಿಯ ಮೊದಲ ಸಾಲಾಯಿತು.

ಇನ್ನು ನಿಮ್ಮ ಡಲ್ಲಾಸ್ ಪ್ರಯಾಣ. ಅಟ್ಲಾಂಟಿಕ್ ಸಾಗರದ ನಡುವೆ ನೆಲದ ರಾಡಾರ್ ಕೈಗೆಟುಕುವುದಿಲ್ಲ. ಅಲ್ಲಿ ವಿಮಾನಗಳ ನಡುವೆ ಅಂತರ ಇನ್ನೂ ಜಾಸ್ತಿ ಬಿಡುತ್ತಾರೆ. ಜತೆಗೆ ಪೈಲಟ್‌ಗಳು ನಡುಗೆರೆಯಿಂದ ಒಂದೆರಡು ಮೈಲಿ ಬಲಕ್ಕೆ ಸರಿದು ಹಾರಬಹುದು, ಯಾರನ್ನೂ ಕೇಳಬೇಕಿಲ್ಲ. ಜಿಪಿಎಸ್ ಕಿತ್ತುಕೊಂಡ ಓರೆಕೋರೆಯನ್ನು ಬೇಕೆಂದೇ ವಾಪಸ್ ತಂದಿದ್ದಾರೆ ಅನ್ನಿ.

ನಿಮ್ಮ ಕೈಯಲ್ಲಿ ಇರುವುದು ಒಂದೇ, ಸೀಟ್ ಬೆಲ್ಟ್. ಜಪಾನಿನ ಆ ಘಟನೆಯಲ್ಲಿ ವಿಮಾನಗಳು ಮುಟ್ಟಲಿಲ್ಲ, ಆದರೂ ನೂರರಷ್ಟು ಜನ ಗಾಯಗೊಂಡರು. ಪಾನೀಯ ಕೊಡುವ ಹೊತ್ತು ಅದು. ವಿಮಾನ ಒಮ್ಮೆಲೇ ಮುಗ್ಗರಿಸಿದಾಗ ಬೆಲ್ಟ್ ಹಾಕದವರು, ಬಿಸಿ ಪಾನೀಯ, ಅದರ ಗಾಡಿ ಎಲ್ಲ ಮೇಲಕ್ಕೆ ಹಾರಿದವು. ದೀಪ ಆರಿದೆ ಅಂತ ಬಿಚ್ಚಬೇಡಿ. ಮಲಗುವಾಗ ಹೊದಿಕೆಯ ಮೇಲೆ ಕಾಣುವ ಹಾಗೆ ಸಡಿಲವಾಗಿ ಹಾಕಿಕೊಳ್ಳಿ, ಆಗ ಗಗನಸಖಿ ನಿಮ್ಮನ್ನು ಎಬ್ಬಿಸಿ ನೋಡಬೇಕಾಗುವುದಿಲ್ಲ. ಯಜಮಾನರಿಗೆ ಕಿಟಕಿ ಬೇಡ, ಓಡಾಡುವ ದಾರಿಯ ಪಕ್ಕದ ಸೀಟು ಕೊಡಿಸಿ. ಕೆಳಗೆ ಹೋಗುವ ವಿಮಾನ ಕಾಣುವುದಿಲ್ಲ.